ರಜಬ್ ತಿಂಗಳ ನಾಲ್ಕನೇ ದಿನ

ಅಝೆಮ್ಮೂರ್
ಮಂಗಳವಾರ, ಮುಹರ್ರಂ 3, 1417 / 21 ಮೇ 1996

ಮಗ ತಿಹಾಮಿಗೆ ಅಪ್ಪನ ಸಲಾಂ.

ಶುಕ್ರವಾರ ಕುಸ್‌ಕುಸ್‌ಗೆ ಬರುತ್ತೇನೆ ಅಂದಿದ್ದೆ, ಬರಲಿಲ್ಲ. ನಿನ್ನ ತಂಗಿ ರಕಿಯಾ ಕುಂಬಳಕಾಯಿಯ ದೊಡ್ಡ ಹೋಳನ್ನು ಹರಿವಾಣದಲ್ಲಿ ನೀನು ಕೂರುವ ಮಗ್ಗುಲಿಗೆ ಸರಿಸಿಟ್ಟು ಬಹಳ ಹೊತ್ತು ಕಾದಳು. ಕೊನೆಗೆ ಅದನ್ನು ಸಿ ಬೂಶೈಬ್ ತಿಂದ. ತಿನ್ನುವ ವಿಷಯದಲ್ಲಿ ಆತನನ್ನು ಒತ್ತಾಯ ಮಾಡಬೇಕಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ.

ಅವನೂ ನಾನೂ ನಲವತ್ತೆರಡು ವರ್ಷದಿಂದ ಒಂದೇ ಅಂಗಡಿಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು ನಿಕಾಹ್ ಪತ್ರ, ಕ್ರಯಪತ್ರ, ವಾರಸು ಪತ್ರ ಬರೆಯುತ್ತಿದ್ದೇವೆ. ನಮ್ಮ ಕಸುಬು ನಮ್ಮನ್ನು ಕಟ್ಟಿಹಾಕಿದೆ. ನಮ್ಮಂಥ ಪತ್ರ ಬರೆಯುವ ಸಾಕ್ಷಿ, ಅದೂಲ್, ಒಬ್ಬನೇ ಸಹಿ ಹಾಕಿದರೆ ಅದು ಬರೀ ಕಾಗದ. ಇಬ್ಬರು ಅದೂಲರು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಸಹಿ ಹಾಕಿದರೆ ಪತ್ರ. ಹಾಗಾಗಿ ಅವನ ಹೊಟ್ಟೆ ಕೆಟ್ಟರೆ ನನ್ನ ಅಂಗಡಿಗೂ ಬೀಗ.

ಇರಲಿ. ಪತ್ರಿಕೆಯಲ್ಲಿ ಐನ್ ಝಿತೂನ್ ಕಾಡಿನ ಸುದ್ದಿ ಬಂದಿದೆ. ಸರ್ಕಾರದ ಕಾಡನ್ನು ಮಂತ್ರಿಯ ಬಾಮೈದನಿಗೆ ಮಾರಿದ್ದಾರಂತೆ. ಕಾರ್ಕ್ ಮರದ ತೊಗಟೆ ಸುಲಿದು ಬದುಕುವ ನಾಲ್ಕು ಹಳ್ಳಿಯವರನ್ನು ಬೇಲಿಯ ಆಚೆಗೆ ನೂಕಿದ್ದಾರಂತೆ. ಸರ್ಕಾರದ ಪ್ರಧಾನ ನ್ಯಾಯವಾದಿ ಬರೆದುಕೊಡದೆ ಅಂಥ ಕಾಡು ಮಾರುವ ಹಾಗಿಲ್ಲ ಎಂದೂ ಬರೆದಿದೆ. ಆ ಪ್ರಧಾನ ನ್ಯಾಯವಾದಿ ನೀನು. ಎದುರಂಗಡಿಯ ಕ್ಷೌರಿಕ ನನ್ನ ಗಡ್ಡಕ್ಕೆ ಸೋಪು ಹಚ್ಚಿ, ಬಾಯಿ ತೆರೆಯದ ಹಾಗೆ ಮಾಡಿ ಆಮೇಲೆ ಕೇಳಿದ, "ಹಾಜಿ, ನಿಮ್ಮ ಮಗ ಹೂಂ ಅಂದ್ನೋ ಊಹೂಂ ಅಂದ್ನೋ?"

ನೀನೇ ಹೇಳು, ಅವನಿಗೆ ಏನು ಹೇಳಲಿ?

ನಿನ್ನ ಅಪ್ಪ,
ಹಾಶ್ಮಿ

—

ರಬಾತ್
29 ಮೇ 1996

ಮಾನ್ಯ ಹಾಜಿ ಹಾಶ್ಮಿ ದುಕ್ಕಾಲಿ ಅವರಿಗೆ,

ತಮ್ಮ ದಿನಾಂಕ 21ರ ಪತ್ರ ಈ ಕಚೇರಿಗೆ ತಲುಪಿದೆ. ಅದರಲ್ಲಿನ ವಿಷಯವನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ ಎಂದು ತಿಳಿಸಲು ಸೂಚಿಸಲ್ಪಟ್ಟಿದ್ದೇನೆ.

ಪ್ರಧಾನ ನ್ಯಾಯವಾದಿಗಳ ಪರವಾಗಿ,
ಆಪ್ತ ಕಾರ್ಯದರ್ಶಿ

—

ಅಝೆಮ್ಮೂರ್
ಮಂಗಳವಾರ, ಮುಹರ್ರಂ 17, 1417 / 4 ಜೂನ್ 1996

ಮಾನ್ಯ ಕಚೇರಿಗೆ,

ನನ್ನ ಪತ್ರದಲ್ಲಿದ್ದ ವಿಷಯಗಳು ಎರಡು: ಒಂದು ಕುಂಬಳಕಾಯಿ, ಇನ್ನೊಂದು ಕಾಡು. ಎರಡರಲ್ಲಿ ಯಾವುದನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ?

ತಿಹಾಮಿ, ಈ ಟೈಪು ಮಾಡಿದ ಕಾಗದವನ್ನು ಸಿ ಬೂಶೈಬ್ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿ ನಗುತ್ತಿದ್ದಾನೆ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ನಿನಗೆ ಅಕ್ಷರ ತಿದ್ದಿಸಿದ್ದು ನಾನು. ಜೊಂಡಿನ ಲೇಖನಿ ಹಿಡಿಯುವಾಗ ನಿನ್ನ ಹೆಬ್ಬೆರಳು ಸ್ವಲ್ಪ ಹೊರಗೆ ಚಾಚುತ್ತಿತ್ತು, ಅದನ್ನು ಸರಿಮಾಡಲು ಒಂದು ಚಳಿಗಾಲವೇ ಹಿಡಿಯಿತು. ಅಪ್ಪನಿಗೆ ಬರೆಯಲು ಆ ಕೈ ಸಾಕು.

ಹಾಶ್ಮಿ

—

ರಬಾತ್
10 ಜೂನ್ 1996

ಪ್ರೀತಿಯ ಅಪ್ಪನಿಗೆ, ನಿಮ್ಮ ಕೈಗೆ ಮುತ್ತಿಡುತ್ತಾ,

ಕ್ಷಮಿಸಿ. ಆ ಕಾಗದ ನನಗೆ ತಿಳಿಯದೆ ಹೋಗಿದೆ. ಈಗ ದಿನಕ್ಕೆ ಮುನ್ನೂರು ಪತ್ರ ಬರುತ್ತಿವೆ. ಅರ್ಧ ಬೈಗುಳ.

ಕ್ಷೌರಿಕನಿಗೆ ಹೇಳಿ: ಐನ್ ಝಿತೂನ್ ಬಗ್ಗೆ ನಾನು ಅಭಿಪ್ರಾಯ ಬರೆದಿದ್ದೆ. ಮಾರಾಟಕ್ಕೆ ಮೊದಲೇ, ನವೆಂಬರ್‌ನಲ್ಲಿ. ಕಾನೂನಿನಲ್ಲಿ ಅಡ್ಡಿಯಿಲ್ಲ ಎಂದು ಬರೆದಿದ್ದೆ. ಕಡತದಲ್ಲಿ ಅದು ಇರಲಿಲ್ಲವಾದ್ದರಿಂದ ಇಷ್ಟು ಗದ್ದಲ. ಈಗ ಸಿಕ್ಕಿದೆ. ಕಡತದ ಕೋಣೆ ನೋಡಿಕೊಳ್ಳುವ ಸಿ ಅಲ್ಲಾಲ್ ಎಂಬಾತ ಅದನ್ನು ಎಲ್ಲೋ ಸೇರಿಸಿಬಿಟ್ಟಿದ್ದ, ರವಾನೆ ಪುಸ್ತಕದಲ್ಲೂ ನಮೂದಿಸಿರಲಿಲ್ಲ. ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಅಮಾನತಿನಲ್ಲಿಟ್ಟಿದ್ದಾರೆ, ಅದು ನನ್ನ ಕೈಯಲ್ಲಿರಲಿಲ್ಲ. ಈ ವಾರವೇ ಅಭಿಪ್ರಾಯದ ಪ್ರತಿ ಪತ್ರಿಕೆಗಳಿಗೆ ಹೋಗುತ್ತದೆ, ಅಲ್ಲಿಗೆ ಎಲ್ಲ ತಣ್ಣಗಾಗುತ್ತದೆ. ಸಂಸತ್ತಿನ ವಿಚಾರಣಾ ಸಮಿತಿಯೂ ಜುಲೈನಲ್ಲಿ ನನ್ನನ್ನು ಒಂದರ್ಧ ಗಂಟೆ ಕೇಳಿ ಮುಗಿಸುತ್ತದೆ.

ನಿಮ್ಮ ಮೊಮ್ಮಗಳು ಇಬ್ತಿಸಾಮ್ ಚೆನ್ನಾಗಿದ್ದಾಳೆ. ಹದಿನಾಲ್ಕು ತುಂಬಿತು. ಶಾಲೆಯಲ್ಲಿ ಯಾರೋ ಏನೋ ಅಂದರಂತೆ, ಎರಡು ದಿನದಿಂದ ಮಾತು ಕಡಿಮೆ. ಹುಡುಗಿಯರು ಈ ವಯಸ್ಸಿನಲ್ಲಿ ಹಾಗೇ.

ನಿಮ್ಮ ಮಗ,
ತಿಹಾಮಿ

—

ಅಝೆಮ್ಮೂರ್
ಮಂಗಳವಾರ, ಸಫರ್ 1, 1417 / 18 ಜೂನ್ 1996

ಮಗ ತಿಹಾಮಿಗೆ,

ನಿನ್ನ ಪತ್ರ ಬಂತು. ನಿನ್ನದೇ ಕೈಬರಹ. ಹೆಬ್ಬೆರಳು ಸರಿಯಾಗಿದೆ.

ಇವತ್ತು ಒಂದು ಹಳೇ ನಿಕಾಹ್ ನೆನಪಾಯಿತು, ಅದನ್ನೇ ಬರೆಯುತ್ತೇನೆ. ಹೋದ ವರ್ಷ ನವೆಂಬರ್ 28, ಮಂಗಳವಾರ. ದೋಣಿ ನಡೆಸುವ ಮಅತಿಯ ಮಗಳು ಝೊಹ್ರಾಳಿಗೆ ಮದುವೆ. ಹುಡುಗಿಯ ಅಜ್ಜಿ ಹರಕೆ ಹೊತ್ತಿದ್ದಳು: ರಜಬ್ ತಿಂಗಳ ಐದನೇ ದಿನವೇ ನಿಕಾಹ್ ಆಗಬೇಕು ಎಂದು. ಎಲ್ಲ ಸಿದ್ಧವಾಗಿತ್ತು, ಕುರಿಯೂ ಒಲೆ ಏರಿತ್ತು. ಸಿ ಬೂಶೈಬ್ ಪತ್ರದ ತಲೆಗೆ ತಾರೀಖು ಬರೆದ: ರಜಬ್ ನಾಲ್ಕು. ಅಜ್ಜಿ ರಂಪ ಎಬ್ಬಿಸಿದಳು.

"ಐದು ಅಂತ ಬರಿ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಐದು ಅಂತಲೇ ಇದೆ, ಕಣ್ಣು ಕಾಣಲ್ವಾ ನಿಂಗೆ?"

"ಅಜ್ಜೀ, ಕ್ಯಾಲೆಂಡರ್ ಅಚ್ಚಾಗಿದ್ದು ಹೋದ ವರ್ಷ. ಚಂದ್ರ ಹುಟ್ಟಿದ್ದು ಈ ತಿಂಗಳು. ಗುರುವಾರ ಸಂಜೆ ನೀನೂ ಮಾಳಿಗೆ ಹತ್ತಿದ್ದೆ, ನಾನೂ ಹತ್ತಿದ್ದೆ. ಕಂಡ್ತಾ ಚಂದ್ರ?"

"ಇಲ್ಲ."

"ದೇಶದಲ್ಲಿ ಒಬ್ಬರಿಗಾದ್ರೂ ಕಂಡ್ತಾ?"

"ರೇಡಿಯೋದಲ್ಲಿ ಇಲ್ಲ ಅಂದ್ರು."

"ಹಂಗಾದ್ರೆ ತಿಂಗಳು ಒಂದು ದಿನ ತಡ. ಇವತ್ತು ನಾಲ್ಕು. ಬೇಕಾದ್ರೆ ಊಟ ಇವತ್ತು ಹಾಕು, ಸಹಿ ನಾಳೆ ಮಾಡೋಣ."

ಊಟ ಅಂದೇ ಆಯಿತು. ಮರುದಿನ ಬೆಳಿಗ್ಗೆ ಐದನೇ ತಾರೀಖು ಹಾಕಿ ಹೊಸ ಪತ್ರ ಬರೆದೆವು. ನಾಲ್ಕು ಎಂದು ಬರೆದು ಹೊಡೆದುಹಾಕಿದ ಹಾಳೆ ನಮ್ಮ ದಫ್ತರದಲ್ಲಿ ಹಾಗೇ ಇದೆ. ಆ ಝೊಹ್ರಾ ಈಗ ಏಳು ತಿಂಗಳ ಬಸುರಿ.

ಪತ್ರಿಕೆಯಲ್ಲಿ ನಿನ್ನ ಅಭಿಪ್ರಾಯದ ಚಿತ್ರ ಹಾಕಿದ್ದಾರೆ. ಮೊದಲ ಪುಟ ಪೂರ್ತಿ ಕಾಣುತ್ತದೆ. "ರಜಬ್ 5, 1416 / 28 ನವೆಂಬರ್ 1995." ಟೈಪು ಅಚ್ಚುಕಟ್ಟಾಗಿದೆ. ನಾನು ಓದಿ ಮೇಜಿನ ಆಚೆಗೆ ಕೊಟ್ಟೆ. ಸಿ ಬೂಶೈಬ್ ಕನ್ನಡಕ ಹಾಕಿಕೊಂಡು ಓದಿದ. ಒಂದೇ ಕಡೆ ಬಹಳ ಹೊತ್ತು ನೋಡಿದ. ಆಮೇಲೆ ಪತ್ರಿಕೆ ಮಡಚಿ, "ಇವತ್ತು ಪುದೀನ ಚೆನ್ನಾಗಿಲ್ಲ, ಚಹಾ ಸಪ್ಪೆ" ಅಂದ. ಪುದೀನ ಚೆನ್ನಾಗಿಯೇ ಇತ್ತು.

ಕ್ಷೌರಿಕನಿಗೆ ಇನ್ನೂ ಏನೂ ಹೇಳಿಲ್ಲ. ಗಡ್ಡ ಬೆಳೆಯುತ್ತಿದೆ.

ಅಪ್ಪ

—

ರಬಾತ್
27 ಜೂನ್ 1996

ಅಪ್ಪ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೇರವಾಗಿ ಕೇಳಬಹುದಿತ್ತು. ಮದುವೆ, ಅಜ್ಜಿ, ಕುರಿ, ಇಷ್ಟೆಲ್ಲ ಬೇಕಿರಲಿಲ್ಲ.

ಟೈಪಿಸ್ಟ್ ತಪ್ಪು. ಮೇಜಿನ ಮೇಲಿನ ಡೈರಿ ನೋಡಿ ಬರೆದಿರುತ್ತಾನೆ. ಒಂದು ದಿನದ ವ್ಯತ್ಯಾಸ. ದೇಶದಲ್ಲಿ ಇಷ್ಟು ಜನ ಆ ಪತ್ರಿಕೆ ಓದಿದ್ದಾರೆ, ವಕೀಲರು ಓದಿದ್ದಾರೆ, ವಿರೋಧ ಪಕ್ಷದವರು ಓದಿದ್ದಾರೆ, ಯಾರಿಗೂ ಕಾಣದ್ದು ಅಝೆಮ್ಮೂರಿನ ಅಂಗಡಿಯಲ್ಲಿ ಕೂತ ಇಬ್ಬರು ಮುದುಕರಿಗೆ ಕಂಡಿತು. ಸರಿ, ಕಂಡಿತು. ಅದರಿಂದ ಏನಾಗಬೇಕು?

ನೀವು ಯಾರಿಗಾದರೂ ಹೇಳುತ್ತೀರಾ?

ತಿಹಾಮಿ

—

ಅಝೆಮ್ಮೂರ್
ಮಂಗಳವಾರ, ಸಫರ್ 15, 1417 / 2 ಜುಲೈ 1996

ತಿಹಾಮಿ,

ಯಾರಿಗೂ ಹೇಳುವುದಿಲ್ಲ. ಸಿ ಬೂಶೈಬ್ ಕೂಡ ಹೇಳುವುದಿಲ್ಲ. ನನ್ನ ಎದುರಿಗೂ ಅವನು ಆ ಮಾತು ಎತ್ತಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಮೊಣಕಾಲು ನೋವು, ನದಿಯಲ್ಲಿ ಮೀನಿಲ್ಲದ್ದು, ಅಳಿಯನ ಸೋಮಾರಿತನ, ಎಲ್ಲ ಮಾತಾಡುತ್ತಾನೆ. ಅದೊಂದನ್ನು ಬಿಟ್ಟು. ಅವನು ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವುದೇ ನನಗೆ ತಡೆಯಲಾಗುತ್ತಿಲ್ಲ.

ಟೈಪಿಸ್ಟ್ ತಪ್ಪು ಅಂದೆ. ಆ ದಿನ ಕೂತು ಬರೆದವನಿಗೆ ಆ ದಿನದ ತಾರೀಖು ತಪ್ಪುವುದಿಲ್ಲ, ಮಗನೇ. ಅಂದು ಬಂದ ಪ್ರತಿ ಪತ್ರದ ಮೇಲೆ, ಅಂದಿನ ಪತ್ರಿಕೆಯ ತಲೆಯ ಮೇಲೆ ನಾಲ್ಕು ಎಂದೇ ಇತ್ತು. ತಿಂಗಳುಗಳು ಕಳೆದ ಮೇಲೆ ಹಿಂದಕ್ಕೆ ಹೋಗಿ ಹುಡುಕುವವನು ಮಾತ್ರ ಹಳೇ ಡೈರಿ ನೋಡುತ್ತಾನೆ. ನೇರವಾಗಿ ಹೇಳು ಅಂದೆಯಲ್ಲ, ಹೇಳಿದ್ದೇನೆ.

ಇನ್ನೊಂದು ಹೇಳಬೇಕು. ಇದನ್ನು ನಿನ್ನಮ್ಮ ಸಾಯುವವರೆಗೆ ಗುಟ್ಟಾಗಿಟ್ಟಳು.

ನಿನಗೆ ಹತ್ತು ವರ್ಷವಿದ್ದಾಗ ನಾನು ಆರು ತಿಂಗಳು ಮನೆಯಲ್ಲಿ ಕೂತಿದ್ದೆ. ಎದೆನೋವು, ವೈದ್ಯರು ಓಡಾಡಬಾರದು ಅಂದಿದ್ದಾರೆ ಎಂದು ನಿಮಗೆಲ್ಲ ಹೇಳಿದ್ದೆವು. ನನ್ನ ಎದೆ ಅಂದೂ ಗಟ್ಟಿ, ಇಂದೂ ಗಟ್ಟಿ. ನ್ಯಾಯ ಹೇಳುವ ಖಾಜಿ ನನ್ನನ್ನು ಕೆಲಸದಿಂದ ಇಳಿಸಿದ್ದ.

ಆಗಿದ್ದು ಇಷ್ಟು. ನದಿಯಾಚೆ ಒಬ್ಬ ಎಣ್ಣೆ ವ್ಯಾಪಾರಿ. ಅವನ ತಮ್ಮನ ವಿಧವೆ ತನ್ನ ಪಾಲಿನ ಮನೆಯನ್ನು ಭಾವನಿಗೆ ಬರೆದುಕೊಡುತ್ತಾಳೆ ಎಂದು ಕರೆ ಬಂತು. ಜೋರು ಮಳೆ. ಸಿ ಬೂಶೈಬ್ ಹೋದ. ಪರದೆಯ ಹಿಂದಿನಿಂದ ಹೆಂಗಸೊಬ್ಬಳು "ಒಪ್ಪಿಗೆ" ಅಂದದ್ದನ್ನು ಕೇಳಿ ಬಂದ. ನಾನು ಹೋಗಲಿಲ್ಲ, ಅಂಗಡಿಯಲ್ಲೇ ಕೂತು ಅವನ ಸಹಿಯ ಪಕ್ಕ ನನ್ನ ಸಹಿ ಹಾಕಿದೆ. ಆ ವಿಧವೆ ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದವಳು, ಅವಳ ದನಿ ನನಗೆ ಗೊತ್ತು. ನಾನು ಹೋಗಿದ್ದರೆ ಪರದೆಯ ಹಿಂದೆ ಇದ್ದವಳು ಅವಳಲ್ಲ, ವ್ಯಾಪಾರಿಯ ಹೆಂಡತಿ ಎಂದು ಒಂದೇ ಮಾತಿಗೆ ತಿಳಿಯುತ್ತಿತ್ತು. ಇಬ್ಬರು ಸಾಕ್ಷಿ ಯಾಕೆ ಬೇಕು ಎಂದು ನನಗೆ ಅರ್ಥವಾದದ್ದು ಆಗ.

ಅವಳನ್ನು ಮನೆಯಿಂದ ಹೊರಹಾಕಿದರು, ತಾನು ಒಪ್ಪಿಯೇ ಇರಲಿಲ್ಲ ಎಂದು ಅವಳು ಅಂಗಡಿಗೆ ಬಂದು ಅತ್ತಳು. ನಾನು ನಲವತ್ತು ದಿನ ಸುಮ್ಮನಿದ್ದೆ. ಸಹಿ ನಂದೇ, ಬಾಯಿ ಬಿಟ್ಟರೆ ಹೊಟ್ಟೆಪಾಡು ಹೋಗುತ್ತದೆ, ಮೂರು ಮಕ್ಕಳಿದ್ದಾರೆ. ಇವೆಲ್ಲ ಸುಳ್ಳಲ್ಲ, ನಿನಗೂ ಈಗ ಇಂಥವೇ ಕಾರಣಗಳಿರುತ್ತವೆ. ನಲವತ್ತೊಂದನೇ ದಿನ ಖಾಜಿಯ ಬಳಿಗೆ ಹೋಗಿ ಹೇಳಿದೆ. ಅವಳಿಗೆ ಮನೆ ಸಿಕ್ಕಿತು, ನನಗೆ ಆರು ತಿಂಗಳು ಶಿಕ್ಷೆ ಸಿಕ್ಕಿತು.

ಸಿ ಬೂಶೈಬ್‌ಗೆ ಖಾಜಿ ಬೇರೆ ಜೊತೆಗಾರನನ್ನು ಕೊಡುತ್ತೇನೆ ಅಂದ. ಇವನು ಬೇಡ ಅಂದ. ಆರು ತಿಂಗಳು ಊರ ಬಾಗಿಲಲ್ಲಿ ಬಾಣಲೆ ಇಟ್ಟು ಹಿಟ್ಟಿನ ಬಳೆಯಂಥ ಸ್ಫಂಜ್ ಕರಿದ. ನಿನಗೆ ನೆನಪಿರಬೇಕು, ದಿನಾ ಬೆಳಿಗ್ಗೆ ಈಚಲ ಗರಿಯಲ್ಲಿ ಪೋಣಿಸಿ ಮನೆಗೆ ತಂದುಕೊಡುತ್ತಿದ್ದ. ಒಂದೂ ಸರಿಯಾಗಿ ಬೆಂದಿರುತ್ತಿರಲಿಲ್ಲ.

ಸಿ ಅಲ್ಲಾಲ್ ಎಂಬ ಆ ಮನುಷ್ಯನಿಗೆ ಮಕ್ಕಳೆಷ್ಟು?

ಅಪ್ಪ

—

ರಬಾತ್
12 ಜುಲೈ 1996

ಅಪ್ಪ,

ಮಕ್ಕಳು ನಾಲ್ಕು. ಕಿರಿಯವಳು ಇಬ್ತಿಸಾಮ್‌ಳ ತರಗತಿಯಲ್ಲೇ ಇದ್ದಾಳೆ. ನನಗೆ ಗೊತ್ತಿರಲಿಲ್ಲ. ನಿಮ್ಮ ಪತ್ರ ಬಂದ ದಿನ ವಿಚಾರಿಸಿದೆ. ಶಾಲೆಯಲ್ಲಿ ಯಾರು ಏನು ಅಂದಿದ್ದರು ಎಂದೂ ಅವತ್ತೇ ತಿಳಿಯಿತು. ಆ ಹುಡುಗಿ ನನ್ನ ಮಗಳಿಗೆ ಬೈದಿಲ್ಲ. "ನಮ್ಮಪ್ಪ ಯಾವ ಕಾಗದಾನೂ ಕಳೆದಿಲ್ಲ, ನಿಮ್ಮಪ್ಪಂಗೆ ಕೇಳು" ಎಂದು ಮಾತ್ರ ಹೇಳಿದ್ದಾಳೆ. ಇಬ್ತಿಸಾಮ್ ಅಂದಿನಿಂದ ನನ್ನನ್ನು ಕೇಳದೆ ಇದ್ದಾಳೆ.

ಸುಟ್ಟ ಸ್ಫಂಜ್ ನೆನಪಿದೆ. ಮೇಲೆ ಕರಕಲು, ಒಳಗೆ ಹಸಿ ಹಿಟ್ಟು. ಅಮ್ಮ ಬೆಕ್ಕಿಗೂ ಹಾಕಲು ಬಿಡುತ್ತಿರಲಿಲ್ಲ, ಪೂರ್ತಿ ತಿನ್ನಬೇಕು ಅನ್ನುತ್ತಿದ್ದಳು. ಯಾಕೆಂದು ನನಗೆ ಅರ್ಥವಾಗಲು ನಲವತ್ತು ವರ್ಷ ಬೇಕಾಯಿತು.

ಹೇಳುತ್ತೇನೆ. ನವೆಂಬರ್‌ನಲ್ಲಿ ನಾನು ಏನೂ ಬರೆದಿರಲಿಲ್ಲ. ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ. ಕಾಡು ಮಾರಿದ ವಿಷಯ ನನಗೂ ಪತ್ರಿಕೆ ನೋಡಿಯೇ ಗೊತ್ತಾಯಿತು. ಮೇ ಕೊನೆಯಲ್ಲಿ ಮಂತ್ರಿಗಳು ನನ್ನ ಕೋಣೆಗೆ ಬಂದರು. ಬೆದರಿಸಲಿಲ್ಲ. ಬೆದರಿಸಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೋ ಏನೋ. ಚಹಾ ಕುಡಿದು, ಇಬ್ತಿಸಾಮ್‌ಳ ಓದು ವಿಚಾರಿಸಿ, ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಅಭಿಪ್ರಾಯ ಕಡತದಲ್ಲಿ ಇದ್ದೇ ಇರುತ್ತಲ್ಲ ಸಿ ತಿಹಾಮಿ, ಸ್ವಲ್ಪ ಹುಡುಕಿಸಿ ನೋಡಿ" ಅಂದರು. ಅಷ್ಟೇ. ಭಾನುವಾರ ಕಚೇರಿ ಖಾಲಿ ಇದ್ದಾಗ ನಾನೇ ಹೋಗಿ ಟೈಪು ಮಾಡಿದೆ. ಟೈಪಿಸ್ಟ್ ಮೇಲೆ ಹಾಕಿದ್ದೂ ಸುಳ್ಳೇ. ಹಳೇ ಡೈರಿ ತೆರೆದು ರಜಬ್ ಐದು ಎಂದು ನೋಡಿ ಬರೆದೆ. ಅಷ್ಟು ಓದಿದವನು, ಅದೂಲನ ಮಗ, ಆ ತಿಂಗಳು ಚಂದ್ರ ಯಾವತ್ತು ಕಂಡಿತ್ತು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಸಿ ಅಲ್ಲಾಲ್ ತನ್ನ ರವಾನೆ ಪುಸ್ತಕ ಹಿಡಿದುಕೊಂಡು ನನ್ನ ಬಳಿ ಬಂದಿದ್ದ. "ಸಾಹೇಬ್ರೇ, ನವೆಂಬರ್ ಪುಟದಲ್ಲಿ ಒಂದು ಸಾಲೂ ಬಿಟ್ಟಿಲ್ಲ ನಾನು, ನೀವೇ ನೋಡಿ" ಅಂದ. ನಾನು ನೋಡಲಿಲ್ಲ. ಮುಂದಿನ ತಿಂಗಳು ಅವನ ಕೆಲಸವೇ ಹೋಗುತ್ತದೆ, ಪಿಂಚಣಿಯೂ ಇಲ್ಲ.

ಸಮಿತಿ ನನ್ನನ್ನು 25ರಂದು ಕರೆದಿದೆ. ಆ ಕಾಗದ ನಿಜ ಎಂದರೆ ಎಲ್ಲ ಹೀಗೇ ಉಳಿಯುತ್ತದೆ. ಅಲ್ಲ ಎಂದರೆ ಹುದ್ದೆ ಹೋಗುತ್ತದೆ, ಮನೆ ಹೋಗುತ್ತದೆ, ಬಹುಶಃ ಜೈಲು. ನಿಮಗಾದರೂ ಬೂಶೈಬ್ ಚಿಕ್ಕಪ್ಪ ಇದ್ದರು. ನನ್ನ ಜೊತೆ ಇಲ್ಲಿ ಯಾರೂ ನಿಲ್ಲುವುದಿಲ್ಲ. ನನಗೆ ಭಯವಾಗಿದೆ ಅಪ್ಪ.

ತಿಹಾಮಿ

—

ಅಝೆಮ್ಮೂರ್
ಮಂಗಳವಾರ, ಸಫರ್ 29, 1417 / 16 ಜುಲೈ 1996

ಮಗನೇ,

ಭಯವಾಗುವುದು ಸಹಜ. ನಲವತ್ತೊಂದನೇ ದಿನ ಖಾಜಿಯ ಬಾಗಿಲಿಂದ ನಾನು ಎರಡು ಸಲ ಹಿಂದಕ್ಕೆ ಬಂದೆ, ಚಪ್ಪಲಿ ಬಿಟ್ಟದ್ದು ಮೂರನೇ ಸಲ. ಒಳಗೆ ಹೋಗಿ ಬಂದ ಮೇಲೆ ಭಯವಿರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ.

ನೀನು ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಐವತ್ತು ವರ್ಷದ ಗಂಡಸು ನೀನು. ಆದರೆ 25ರ ಬೆಳಗಿನ ರೈಲಿಗೆ ನಾನು ರಬಾತ್‌ಗೆ ಬರುತ್ತೇನೆ. ಸಾರ್ವಜನಿಕರು ಕೂರಲು ಹಿಂದೆ ಬೆಂಚು ಹಾಕಿರುತ್ತಾರಂತೆ, ಅಲ್ಲಿ ಕೂರುತ್ತೇನೆ. ನೀನು ಏನೇ ಹೇಳಿದರೂ ಆ ಬೆಂಚಿನಿಂದ ಏಳುವುದಿಲ್ಲ, ಆಮೇಲೆ ನಿನ್ನ ಜೊತೆಯಲ್ಲೇ ಹೊರಗೆ ಬರುತ್ತೇನೆ.

ನಾನು ಟಿಕೆಟ್ ವಿಚಾರಿಸುತ್ತಿದ್ದಾಗ ಸಿ ಬೂಶೈಬ್ ಕಿವಿಗೊಟ್ಟಿದ್ದ. ತಿಂಗಳಿನಿಂದ ಆ ವಿಷಯದಲ್ಲಿ ಬಾಯಿ ಬಿಡದವನು ಈಗ ಬಿಟ್ಟ.

"ಎರಡು ಟಿಕೆಟ್ ತಗೋ."

"ನಿನ್ನ ಮೊಣಕಾಲು?"

"ಮೊಣಕಾಲನ್ನ ಇಲ್ಲೇ ಬಿಟ್ಟು ಬರ್ತೀನಿ. ಒಬ್ಬನೇ ಹೋಗಿ ಏನು ಸಾಕ್ಷಿ ಹೇಳ್ತೀಯ ನೀನು? ಒಬ್ಬನ ಮಾತಿಗೆ ಬೆಲೆ ಉಂಟಾ?"

ಆಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಎದುರಂಗಡಿಯವನಿಗೆ ಕೇಳಿಸಿರಬೇಕು, ಕೇಳಲಿ.

ಇವತ್ತು ಇಪ್ಪತ್ತೊಂಬತ್ತು. ಸಂಜೆ ಮಾಳಿಗೆ ಹತ್ತಬೇಕು.

ಅಪ್ಪ

—

ಅಝೆಮ್ಮೂರ್
ಗುರುವಾರ, ರಬೀಉಲ್ ಅವ್ವಲ್ 16, 1417 / 1 ಆಗಸ್ಟ್ 1996

ಮಗ ತಿಹಾಮಿಗೆ,

ಸುರಕ್ಷಿತವಾಗಿ ಊರು ಸೇರಿದೆವು. ರೈಲಿನಲ್ಲಿ ಸಿ ಬೂಶೈಬ್ ಪಕ್ಕದ ಹೆಂಗಸಿನ ಬುಟ್ಟಿಯ ಅಂಜೂರವನ್ನೆಲ್ಲ ತಿಂದು ಮುಗಿಸಿದ. ಅವನ ಮೇಲೆ ನೀನು ಸಿಟ್ಟು ಮಾಡಿಕೊಳ್ಳಬೇಡ. ಸಮಿತಿಯ ಅಧ್ಯಕ್ಷರು ಕಾನೂನಿನ ಕಲಮುಗಳನ್ನು ಓದುವಾಗ ಅವನು ಗೊರಕೆ ಹೊಡೆದದ್ದು ನಿಜ, ಕಾವಲಿನವನು ಎರಡು ಸಲ ತಟ್ಟಿದ್ದೂ ನಿಜ. ಆದರೆ ಅವರು ಆ ಕಾಗದ ಎತ್ತಿ ತೋರಿಸಿ "ಇದನ್ನು ಈ ತಾರೀಖಿನಂದು ಬರೆದಿರಾ?" ಎಂದು ಕೇಳಿದಾಗ ಅವನು ಪೂರ್ತಿ ಎಚ್ಚರವಿದ್ದ. ನನ್ನ ಕೈ ಹಿಡಿದುಕೊಂಡಿದ್ದ.

ನೀನು ನೀರು ಕುಡಿದೆ. ಆಮೇಲೆ "ಇಲ್ಲ, ಇದನ್ನು ನಾನು ಜೂನ್ ಎರಡರಂದು ಬರೆದೆ, ನಾನೊಬ್ಬನೇ" ಅಂದೆ. ಸಿ ಅಲ್ಲಾಲ್‌ನ ಹೆಸರನ್ನು ಪೂರ್ತಿಯಾಗಿ, ಅವನ ತಂದೆಯ ಹೆಸರು ಸೇರಿಸಿ ಹೇಳಿ, ಅವನ ಪುಸ್ತಕದಲ್ಲಿ ತಪ್ಪಿಲ್ಲ ಅಂದೆ. ಹಿಂದಿನ ಬೆಂಚಿನಲ್ಲಿದ್ದ ನಮಗೂ ಕೇಳಿಸಿತು. ನಿನ್ನನ್ನು ಪ್ರಧಾನ ನ್ಯಾಯವಾದಿ ಮಾಡಿದ ದಿನ ಪತ್ರಿಕೆಯ ಚಿತ್ರ ಕತ್ತರಿಸಿ ಅಂಗಡಿಯಲ್ಲಿ ಅಂಟಿಸಿದ್ದೆ. ಆ ದಿನಕ್ಕಿಂತ ಮೊನ್ನೆ ನನಗೆ ಹೆಚ್ಚು ಹೆಮ್ಮೆಯಾಯಿತು. ಇದನ್ನು ಅಲ್ಲೇ ಹೇಳಬೇಕಿತ್ತು. ಬಾಗಿಲಲ್ಲಿ ಅಷ್ಟು ಜನ ಕ್ಯಾಮೆರಾ ಹಿಡಿದು ನೂಕುತ್ತಿದ್ದರು, ಹೇಳಲಾಗಲಿಲ್ಲ.

ಊರಲ್ಲಿ ಎಲ್ಲರೂ ಹೊಗಳುತ್ತಾರೆ ಎಂದು ಸುಳ್ಳು ಬರೆಯುವುದಿಲ್ಲ. ಕೆಲವರು ಅಂಗಡಿ ಮುಂದೆ ಹಾಯುವಾಗ ಸಲಾಂ ಹೇಳದೆ ಹೋಗುತ್ತಾರೆ. ಎರಡು ಕ್ರಯಪತ್ರ ಬೇರೆಯವರ ಬಳಿ ಹೋದವು. ಕ್ಷೌರಿಕ ಮಾತ್ರ ಬಂದು ಬಲವಂತವಾಗಿ ಕರೆದುಕೊಂಡು ಹೋಗಿ ಕೂರಿಸಿದ. ಸೋಪು ಹಚ್ಚುವ ಮೊದಲು "ಹಾಜಿ, ಮೊದ್ಲು ಹೂಂ ಅಂದು ಆಮೇಲೆ ಊಹೂಂ ಅಂದ್ನಲ್ಲ ನಿಮ್ಮ ಮಗ, ಅದು ಭಾಳ ಕಷ್ಟದ್ದು" ಅಂದ. ಹಣ ತೆಗೆದುಕೊಳ್ಳಲಿಲ್ಲ.

ಝೊಹ್ರಾಳಿಗೆ ಗಂಡು ಮಗು, ಸ್ವಲ್ಪ ಅವಸರ ಮಾಡಿ ಹುಟ್ಟಿದೆ. ತಾಯಿ ಮಗು ಕ್ಷೇಮ. ಅಜ್ಜಿ ಈಗ ತಿಂಗಳ ಲೆಕ್ಕ ಹಾಕುತ್ತಾ ಸಿ ಬೂಶೈಬ್‌ನನ್ನು ಬೈಯುತ್ತಿದ್ದಾಳೆ.

ನಿನ್ನ ಅಪ್ಪ,
ಹಾಶ್ಮಿ

—

ಸಲೆ
ಸೋಮವಾರ, ಜುಮಾದಲ್ ಊಲಾ 2, 1417 / 16 ಸೆಪ್ಟೆಂಬರ್ 1996

ಪ್ರೀತಿಯ ಅಪ್ಪನಿಗೆ, ನಿಮ್ಮ ಕೈಗೆ ಮುತ್ತಿಡುತ್ತಾ,

ಸರ್ಕಾರಿ ಮನೆ ಬಿಟ್ಟು ನದಿಯ ಈಚೆ ಸಲೆಗೆ ಬಂದಿದ್ದೇವೆ. ಎರಡು ಕೋಣೆ, ಒಂದು ಮಾಳಿಗೆ. ಕೆಳಗೆ ಚಾಪೆ ಹೆಣೆಯುವವನ ಅಂಗಡಿ, ಇಡೀ ಮನೆಗೆ ಹಸಿ ಜೊಂಡಿನ ವಾಸನೆ. ನಿಮ್ಮ ಸೊಸೆ ನಜಾತ್ ಮೊದಲ ವಾರ ನನ್ನ ಜೊತೆ ಮಾತಾಡಲಿಲ್ಲ. ಎರಡನೇ ವಾರ, "ಹೇಳೋದಿದ್ರೆ ನಂಗೆ ಮೊದ್ಲು ಹೇಳ್ಬೇಕಿತ್ತು, ಟಿವಿಗಲ್ಲ" ಅಂದಳು. ಅವಳು ಹೇಳಿದ್ದು ಸರಿ. ಈಗ ಮಾತಾಡುತ್ತಾಳೆ, ಬೈಗುಳವೂ ಮರಳಿ ಬಂದಿದೆ.

ನನ್ನ ಮೊಕದ್ದಮೆ ನವೆಂಬರ್‌ಗೆ. ವಕೀಲಿ ಮಾಡುವ ಹಕ್ಕು ಎರಡು ವರ್ಷವಾದರೂ ಹೋಗುತ್ತದೆ. ಜೈಲು ಆಗಲಾರದು ಎಂದು ನನ್ನ ವಕೀಲ ಹೇಳುತ್ತಾನೆ, ಆದರೂ ಆಗಬಹುದು. ಮಂತ್ರಿಗಳು ರಾಜೀನಾಮೆ ಕೊಟ್ಟಿಲ್ಲ, ಅವರಿಗೆ ಏನೂ ನೆನಪಿಲ್ಲವಂತೆ. ಆದರೆ ಕಾಡಿನ ಮಾರಾಟವನ್ನು ನ್ಯಾಯಾಲಯ ತಡೆಹಿಡಿದಿದೆ. ಬೇಲಿಗೆ ಹಾಕಿದ್ದ ಬೀಗ ತೆಗೆಸಿದ್ದಾರೆ, ಹಳ್ಳಿಯವರು ಮೊನ್ನೆ ಒಳಗೆ ಹೋದರಂತೆ.

ಸಿ ಅಲ್ಲಾಲ್ ಮತ್ತೆ ಕೆಲಸಕ್ಕೆ ಸೇರಿದ್ದಾನೆ. ಕ್ಷಮೆ ಕೇಳಲು ಅವನ ಮನೆಗೆ ಹೋಗಿದ್ದೆ. ಮೊದಲು ಬಾಗಿಲಲ್ಲೇ ನಿಲ್ಲಿಸಿದ. ಆಮೇಲೆ ಒಳಗೆ ಕರೆದ. ಹೆಂಡತಿ ಚಹಾ ಕೊಟ್ಟಳು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹೊರಡುವಾಗ, "ಆವತ್ತು ನೀವು ಪುಸ್ತಕ ನೋಡ್ಲಿಲ್ಲ ಸಾಹೇಬ್ರೇ. ಈಗ ನೋಡ್ತೀರಾ?" ಎಂದು ಕೇಳಿದ. ಕಚೇರಿಗೆ ಹಿಂತಿರುಗಿಸುವ ಮೊದಲು ತನಗಾಗಿ ಆ ಪುಟದ ನಕಲು ಬರೆದಿಟ್ಟುಕೊಂಡಿದ್ದ. ನೋಡಿದೆ. 28 ನವೆಂಬರ್, ರಜಬ್ ನಾಲ್ಕು. ಆ ದಿನ ಹೋದ ಹನ್ನೊಂದು ಪತ್ರ, ಒಂದು ಸಾಲೂ ಬಿಟ್ಟಿರಲಿಲ್ಲ.

ಅವನ ಮಗಳೂ ಇಬ್ತಿಸಾಮ್‌ಳೂ ಈಗ ಶಾಲೆಗೆ ಒಟ್ಟಿಗೆ ಹೋಗುತ್ತಾರೆ.

ಶುಕ್ರವಾರ ಸಂಜೆ ಇಬ್ತಿಸಾಮ್‌ಳನ್ನು ಕರೆದುಕೊಂಡು ಮಾಳಿಗೆ ಹತ್ತಿದ್ದೆ. ಡೈರಿಯ ಪ್ರಕಾರ ಅಂದು ಚಂದ್ರ ಕಾಣಬೇಕಿತ್ತು. ಕಾಣಲಿಲ್ಲ. "ನಾಳೆ ಮತ್ತೆ ಬರೋಣ ಅಪ್ಪ" ಅಂದಳು. ಶನಿವಾರ ಮತ್ತೆ ಹತ್ತಿದೆವು. ಸಮುದ್ರದ ಮೇಲೆ, ಬಹಳ ಕೆಳಗೆ, ಮೊದಲು ಅವಳಿಗೇ ಕಂಡಿತು. ಎಲ್ಲಿ ಎಂದು ನನ್ನ ಗಲ್ಲ ಹಿಡಿದು ತಿರುಗಿಸಿ ತೋರಿಸಿದಳು. ನಾನು ಹತ್ತು ವರ್ಷದವನಿದ್ದಾಗ ನೀವು ಹಾಗೆ ತೋರಿಸುತ್ತಿದ್ದಿರಿ.

ಈ ವಾರ ಬರುತ್ತೇವೆ, ಮೂವರೂ. ಕುಂಬಳಕಾಯಿ ಹೋಳನ್ನು ಬೂಶೈಬ್ ಚಿಕ್ಕಪ್ಪನಿಗೆ ಕೊಡಬೇಡಿ ಎಂದು ರಕಿಯಾಗೆ ಹೇಳಿ. ಅಥವಾ ಕೊಡಲಿ. ಅವರ ಸುಟ್ಟ ಸ್ಫಂಜ್ ತಿಂದು ಬೆಳೆದವನು ನಾನು.

ಡೈರಿ ಇವತ್ತನ್ನು ಮೂರು ಎನ್ನುತ್ತದೆ. ಮೇಲೆ ನಾನು ಎರಡು ಎಂದು ಬರೆದಿದ್ದೇನೆ. ಕಂಡದ್ದನ್ನೇ ಬರೆದಿದ್ದೇನೆ ಅಪ್ಪ.

ನಿಮ್ಮ ಮಗ,
ತಿಹಾಮಿ

ಅಜ್ಜ, ನಾನೂ ನೋಡಿದೆ.
ಇಬ್ತಿಸಾಮ್